ಔಷಧ ತ್ಯಾಜ್ಯನೀರಿನ ಶುದ್ಧೀಕರಣದಲ್ಲಿ ಪಾಲಿಮರ್ ಅಧಿಶೋಷಕಗಳು

ಔಷಧ ತಯಾರಿಕಾ ಘಟಕಗಳಿಂದ ಹೊರಬರುವ ನೀರು ತಿಳಿಯಾಗಿದ್ದು, ಬಿ.ಒ.ಡಿ. ಮತ್ತು ಸಿ.ಒ.ಡಿ. ಪ್ರಮಾಣಗಳು ಮಿತಿಯೊಳಗಿದ್ದರೂ ಅದರಲ್ಲಿ ಔಷಧಾಂಶ ಉಳಿದಿರುವ ಸಾಧ್ಯತೆ ಇದೆ. ಹೈದರಾಬಾದ್ ಸಮೀಪದ ಪಟಾನ್‌ಚೆರುವಿನಲ್ಲಿ ಸುಮಾರು 90 ಔಷಧ ಘಟಕಗಳ ತ್ಯಾಜ್ಯವನ್ನು ಪಡೆಯುತ್ತಿದ್ದ ಸಾಮೂಹಿಕ ಶುದ್ಧೀಕರಣ ಸ್ಥಾವರದ ಹೊರಹರಿವಿನಲ್ಲಿ ಪ್ರತಿ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಾಸಿನ್ ಇದ್ದುದನ್ನು ಸ್ವೀಡನ್ನಿನ ಸಂಶೋಧಕರು 2007ರಲ್ಲಿ ಪ್ರಕಟಿಸಿದರು. ಈ ಔಷಧವನ್ನು ಸೇವಿಸಿದ ರೋಗಿಯ ರಕ್ತದಲ್ಲಿಯೂ ಇಷ್ಟು ಪ್ರಮಾಣ ಕಂಡುಬರುವುದಿಲ್ಲ. ಇಂತಹ ನೀರಿನಲ್ಲಿ ಬದುಕುಳಿಯುವ ಬ್ಯಾಕ್ಟೀರಿಯಾಗಳು ಔಷಧಕ್ಕೆ ಜಗ್ಗದ ತಳಿಗಳಾಗಿ ಬೆಳೆಯುವುದೇ ನಿಜವಾದ ಅಪಾಯ.

ಸಾಂಪ್ರದಾಯಿಕ ಸ್ಥಾವರಗಳಲ್ಲಿ ತ್ಯಾಜ್ಯವನ್ನು ವಿಘಟಿಸುವುದು ಸೂಕ್ಷ್ಮಜೀವಿಗಳು. ಸೂಕ್ಷ್ಮಜೀವಿಗಳನ್ನು ಕೊಲ್ಲಲೆಂದೇ ರೂಪುಗೊಂಡ ಔಷಧವನ್ನು ಅವುಗಳಿಂದಲೇ ನಿವಾರಿಸಲು ಹೊರಟಾಗ ಯಶಸ್ಸು ಸೀಮಿತವಾಗುವುದು ಸಹಜ. ಆದುದರಿಂದ ಔಷಧಾಂಶವನ್ನು ಮುಂಚಿತವಾಗಿಯೇ ಬೇರ್ಪಡಿಸುವುದು ಅಗತ್ಯ.

ಕಾರ್ಯವಿಧಾನ

ಕರಗಿದ ವಸ್ತುವು ಘನಪದಾರ್ಥದ ಮೈಗೆ ಅಂಟಿಕೊಳ್ಳುವ ಕ್ರಿಯೆಗೆ ಅಧಿಶೋಷಣೆ ಎಂದು ಹೆಸರು. ಸ್ಟೈರೀನ್ ಮತ್ತು ಡೈವಿನೈಲ್ ಬೆಂಜೀನ್‌ಗಳಿಂದ ತಯಾರಾದ ಪಾಲಿಮರ್ ಮಣಿಗಳ ತುಂಬ ಸೂಕ್ಷ್ಮರಂಧ್ರಗಳಿದ್ದು, ಒಂದು ಗ್ರಾಂ ಮಣಿಗಳ ಒಳಮೈ ನೂರಾರು ಚದರ ಮೀಟರ್‌ಗಳಷ್ಟಾಗುತ್ತದೆ. ಮಣಿಗಳಲ್ಲಿರುವ ಬೆಂಜೀನ್ ಉಂಗುರಗಳು ಔಷಧದ ಅಣುಗಳಲ್ಲಿರುವ ಅಂತಹುದೇ ಉಂಗುರಗಳನ್ನು ಆಕರ್ಷಿಸಿ ಹಿಡಿದಿಡುತ್ತವೆ.

ಪಿಷ್ಟದಿಂದ ದೊರೆಯುವ ಬೀಟಾ-ಸೈಕ್ಲೋಡೆಕ್ಸ್ಟ್ರಿನ್ ಇನ್ನೊಂದು ಮೂಲವಸ್ತು. ಏಳು ಗ್ಲೂಕೋಸ್ ಘಟಕಗಳು ಬಳೆಯಂತೆ ಕೂಡಿದ ಇದರ ಟೊಳ್ಳಿನಲ್ಲಿ ಔಷಧದ ಅಣು ಸೇರಿಕೊಳ್ಳುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ತಂಡವು 2016ರಲ್ಲಿ ವರದಿ ಮಾಡಿದ ಇದರ ರಂಧ್ರಯುಕ್ತ ಪಾಲಿಮರ್, ರಕ್ತದೊತ್ತಡದ ಔಷಧವಾದ ಪ್ರೊಪ್ರನೊಲಾಲ್ ಸೇರಿದಂತೆ ಹಲವು ಮಾಲಿನ್ಯಕಾರಕಗಳನ್ನು ಸಕ್ರಿಯ ಇಂಗಾಲಕ್ಕಿಂತ ಅನೇಕ ಪಟ್ಟು ವೇಗವಾಗಿ ಹಿಡಿಯಿತು.

ವೆಚ್ಚದ ವಿಚಾರ

ಖರೀದಿಯ ಬೆಲೆಯಲ್ಲಿ ಸಕ್ರಿಯ ಇಂಗಾಲವೇ ಅಗ್ಗ. ಆದರೆ ಬಳಸಿದ ಇಂಗಾಲವನ್ನು ಪುನಶ್ಚೇತನಗೊಳಿಸಲು ಕುಲುಮೆಯ ಅಧಿಕ ಶಾಖ ಬೇಕು. ಪಾಲಿಮರ್ ಮಣಿಗಳನ್ನು ಸಾಮಾನ್ಯವಾಗಿ ಮೆಥನಾಲ್‌ನಂತಹ ದ್ರಾವಕದಿಂದ ತೊಳೆದು ಮರುಬಳಸಬಹುದು. ದ್ರಾವಕವನ್ನು ಭಟ್ಟಿಯಿಳಿಸಿ ಹಿಂಪಡೆಯಬಹುದು. ಅಧಿಶೋಷಣೆಯು ಔಷಧವನ್ನು ನಾಶಪಡಿಸದೆ ಒಂದೆಡೆ ಸಂಗ್ರಹಿಸುವುದರಿಂದ, ಕೊನೆಗುಳಿಯುವ ಶೇಷವನ್ನು ಅಪಾಯಕಾರಿ ತ್ಯಾಜ್ಯದ ನಿಯಮಾನುಸಾರ ವಿಲೇವಾರಿ ಮಾಡುವುದು ಕಡ್ಡಾಯ. ಈ ಖರ್ಚನ್ನೂ ಯೋಜನಾ ವೆಚ್ಚದಲ್ಲಿ ಸೇರಿಸತಕ್ಕದ್ದು.

ಉದ್ಯಮಿಗಳು ಗಮನಿಸಬೇಕಾದುದು

ಔಷಧಾಂಶ ದಟ್ಟವಾಗಿರುವ ತೊಳೆನೀರನ್ನು ಇತರ ನೀರಿನೊಡನೆ ಬೆರೆಸುವ ಮೊದಲೇ ಮಣಿಗಳ ಸ್ತಂಭದ ಮೂಲಕ ಹಾಯಿಸಿದರೆ ಸಣ್ಣ ಸ್ಥಾವರವೇ ಸಾಕಾಗುತ್ತದೆ. ಬೆರೆತ ನಂತರ ನೀರಿನ ಪ್ರಮಾಣದೊಡನೆ ವೆಚ್ಚವೂ ಏರುತ್ತದೆ. ತೇಲುಕಣಗಳು ರಂಧ್ರಗಳನ್ನು ಮುಚ್ಚುವುದರಿಂದ ಮೊದಲು ಸೋಸುವುದು ಅವಶ್ಯ. ನೀರಿನ ಪಿ.ಎಚ್. ಮೌಲ್ಯಕ್ಕನುಸಾರವಾಗಿ ಅಣುವಿನ ವಿದ್ಯುದಂಶ ಬದಲಾಗುವುದರಿಂದ, ಘಟಕದ ನೀರಿನಲ್ಲಿಯೇ ಪರೀಕ್ಷಿಸಿ ಮಣಿಗಳನ್ನು ಆಯ್ದುಕೊಳ್ಳಬೇಕು.

ಪ್ರತಿಜೈವಿಕ ಔಷಧಗಳ ಶೇಷಕ್ಕೆ ಮಿತಿ ವಿಧಿಸುವ ಪ್ರಸ್ತಾವವು ಕೇಂದ್ರ ಸರ್ಕಾರದ 2020ರ ಕರಡು ಅಧಿಸೂಚನೆಯಲ್ಲಿತ್ತು. 2021ರ ಅಂತಿಮ ನಿಯಮದಲ್ಲಿ ಅದನ್ನು ಕೈಬಿಡಲಾಯಿತು. ಆದರೆ ವಿಶ್ವ ಆರೋಗ್ಯ ಸಂಸ್ಥೆಯು 2024ರಲ್ಲಿ ಈ ಔಷಧಗಳ ತಯಾರಿಕಾ ತ್ಯಾಜ್ಯದ ನಿರ್ವಹಣೆಗೆ ಮಾರ್ಗಸೂಚಿ ಹೊರಡಿಸಿದೆ. ಬೀದರ್, ಜಿಗಣಿ, ನಂಜನಗೂಡುಗಳ ಔಷಧ ಘಟಕಗಳು ಕಾನೂನಿನ ಒತ್ತಾಯಕ್ಕೆ ಕಾಯದೆ, ದಟ್ಟ ತೊಳೆನೀರನ್ನು ಪ್ರತ್ಯೇಕಿಸುವ ಕೊಳವೆ ವ್ಯವಸ್ಥೆಯನ್ನಾದರೂ ಈಗಲೇ ರೂಪಿಸಿಕೊಳ್ಳುವುದು ದೂರದೃಷ್ಟಿಯ ಕ್ರಮವೆನಿಸುತ್ತದೆ.