ಬರೆದ ನಿಯಮವೂ ಬರೆಯದ ನಿಯಮವೂ

ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಕೊಡಬೇಕೆಂದು ವಿದ್ಯಾರ್ಥಿನಿಯರು ಕೇಳಿದಾಗ, ಹತ್ತನೆಯ ತರಗತಿಯ ಬಾಲಿಕೆಯೊಬ್ಬಳು ಈಚೆಗೆ ಹಾಕಿದ ಪ್ರಶ್ನೆಯೊಂದು ನನ್ನ ನೆನಪಿಗೆ ಬಂದಿತು. “ಟೀಚರ್, ಕಾನೂನಿಗೆ ಗಂಡು ಹೆಣ್ಣು ಒಂದೇ ಎಂದು ಪುಸ್ತಕದಲ್ಲಿದೆ. ಮನೆಯಲ್ಲಿ ಅಣ್ಣನನ್ನು ಕಾಲೇಜಿಗೆ ಕಳುಹಿಸುತ್ತಾರೆ. ನನಗೆ ಈ ವರುಷಕ್ಕೆ ಸಾಕು ಎನ್ನುತ್ತಾರೆ. ಇದು ಯಾವ ಕಾನೂನು?” ಆ ದಿನ ನಾನು ಕೊಟ್ಟ ಉತ್ತರವು ಅರ್ಧವಾಗಿದ್ದಿತು. ಉಳಿದುದನ್ನು ಇಲ್ಲಿ ಹೇಳುವೆನು.

ಸಂಸ್ಥೆಯೆಂದರೆ ಕಟ್ಟಡ, ನಾಮಫಲಕ, ಆಡಳಿತ ಮಂಡಳಿ ಎಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಸಮಾಜಶಾಸ್ತ್ರಜ್ಞರಾದರೋ ಜನರು ಕೂಡಿ ಬಾಳುವುದಕ್ಕೆ ಆಧಾರವಾದ ನಿಯಮಗಳ ಕಟ್ಟನ್ನೇ ಸಂಸ್ಥೆಯೆಂದು ಕರೆಯುವರು. ಈ ಅರ್ಥದಲ್ಲಿ ವಿವಾಹವೂ ಸಂಸ್ಥೆ, ಸಂತೆಯೂ ಸಂಸ್ಥೆ, ಸರ್ಕಾರವೂ ಸಂಸ್ಥೆ. ಅಮೆರಿಕದ ಅರ್ಥಶಾಸ್ತ್ರಜ್ಞರಾದ ಡಗ್ಲಸ್ ನಾರ್ತ್ ಎಂಬವರು 1990ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ನಿಯಮಗಳನ್ನು ಎರಡು ಬಗೆಯಾಗಿ ವಿಂಗಡಿಸಿದರು: ಕಾನೂನು, ಕರಾರು ಮೊದಲಾದ ಬರೆದ ನಿಯಮಗಳು ಒಂದು; ರೂಢಿ, ನಡತೆ, ಮರ್ಯಾದೆಯೆಂಬ ಬರೆಯದ ನಿಯಮಗಳು ಇನ್ನೊಂದು. ಗಂಟೆ ಬಾರಿಸುವ ಹೊತ್ತು ನಮ್ಮ ಶಾಲೆಯ ವೇಳಾಪಟ್ಟಿಯಲ್ಲಿ ಬರೆದಿದೆ. ಹಿರಿಯರು ಒಳಗೆ ಬಂದರೆ ಎದ್ದು ನಿಲ್ಲಬೇಕೆಂದು ಎಲ್ಲಿಯೂ ಬರೆದಿಲ್ಲ. ಆದರೂ ಯಾವುದು ಹೆಚ್ಚು ತಪ್ಪದೆ ನಡೆಯುವುದೆಂಬುದನ್ನು ನೀವೇ ಬಲ್ಲಿರಿ.

ಸ್ತ್ರೀವಾದಿ ಪಂಡಿತರು ಈ ವಿಚಾರಕ್ಕೆ ಒಂದು ಪ್ರಶ್ನೆಯನ್ನು ಸೇರಿಸಿದರು. ಈ ನಿಯಮಗಳನ್ನು ಮಾಡಿದವರು ಯಾರು? ಮಾಡುವಾಗ ಯಾರನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು? ಸಮಾಜಶಾಸ್ತ್ರಜ್ಞೆಯಾದ ಜೋನ್ ಏಕರ್ ಎಂಬವರು 1990ರಲ್ಲಿ ಬರೆದ ಪ್ರಬಂಧವೊಂದರಲ್ಲಿ ತೋರಿಸಿದುದೇನೆಂದರೆ, ಕಚೇರಿ ಕಾರ್ಖಾನೆಗಳ ನಿಯಮವು ‘ಕೆಲಸಗಾರ’ ಎಂಬ ಸಾಮಾನ್ಯ ಪದವನ್ನು ಬಳಸಿದರೂ, ಆ ಕೆಲಸಗಾರನಿಗೆ ಹೆರಿಗೆಯಿಲ್ಲ, ಮಗುವಿನ ಜ್ವರವಿಲ್ಲ, ಒಲೆಯ ಚಿಂತೆಯಿಲ್ಲ. ಅವನ್ನೆಲ್ಲ ಮನೆಯಲ್ಲಿ ಮತ್ತೊಬ್ಬರು ನೋಡಿಕೊಳ್ಳುವರೆಂದೇ ಎಣಿಕೆ. ನಿಯಮದಲ್ಲಿ ಸ್ತ್ರೀ ಎಂಬ ಶಬ್ದವೇ ಇರದಿದ್ದರೂ ಅಳತೆಗೋಲು ಪುರುಷನದೇ ಆಗಿರಬಹುದು.

ಕೆಲವು ಕಡೆಗಳಲ್ಲಿ ನಿಯಮವು ಸ್ತ್ರೀಯನ್ನು ನೇರವಾಗಿಯೇ ತಡೆಯುತ್ತಿತ್ತು. ಇಂಗ್ಲೆಂಡಿನಲ್ಲಿ ಸ್ತ್ರೀಯೆಂಬ ಕಾರಣದಿಂದಲೋ ವಿವಾಹವಾದಳೆಂಬ ಕಾರಣದಿಂದಲೋ ಯಾರನ್ನೂ ಉದ್ಯೋಗಕ್ಕೆ ಅನರ್ಹಳೆನ್ನಬಾರದೆಂದು 1919ರಲ್ಲಿ ಕಾನೂನಾಯಿತು. ಆದರೂ ಅನೇಕ ಸ್ಥಳೀಯ ಮಂಡಳಿಗಳು ವಿವಾಹವಾದ ಉಪಾಧ್ಯಾಯಿನಿಯರನ್ನು ಕೆಲಸದಿಂದ ಬಿಡಿಸುತ್ತಲೇ ಇದ್ದವು. 1944ರ ವಿದ್ಯಾಭ್ಯಾಸದ ಕಾನೂನು ಅದನ್ನು ನಿಲ್ಲಿಸಿತು. ಅಮೆರಿಕದಲ್ಲಿ 1942ರ ಸುಮಾರಿಗೆ ನೂರಕ್ಕೆ 87 ಶಾಲಾ ಮಂಡಳಿಗಳು ವಿವಾಹಿತೆಯರನ್ನು ಹೊಸದಾಗಿ ನೇಮಿಸಿಕೊಳ್ಳುತ್ತಿರಲಿಲ್ಲವೆಂದು ಕ್ಲಾಡಿಯಾ ಗೋಲ್ಡಿನ್ ಎಂಬವರು ಲೆಕ್ಕ ಹಾಕಿದ್ದಾರೆ. ಅವರಿಗೆ 2023ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ನಮ್ಮ ನಾಡಿನ ಒಬ್ಬ ಮಗಳ ಸಂಗತಿಯನ್ನು ನೋಡಿರಿ. ಕೊಡಗಿನ ವಿರಾಜಪೇಟೆಯಲ್ಲಿ 1924ರಲ್ಲಿ ಹುಟ್ಟಿದ ಸಿ. ಬಿ. ಮುತ್ತಮ್ಮನವರು 1949ರಲ್ಲಿ ಭಾರತದ ವಿದೇಶಾಂಗ ಸೇವೆಯನ್ನು ಸೇರಿದರು. ಆ ಸೇವೆಗೆ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಸೇರಿದ ಸ್ತ್ರೀಯರಲ್ಲಿ ಅವರೇ ಮೊದಲಿಗರು. ಸ್ತ್ರೀ ಅಧಿಕಾರಿಯು ವಿವಾಹಕ್ಕೆ ಮೊದಲು ಸರ್ಕಾರದ ಅಪ್ಪಣೆಯನ್ನು ಬರೆವಣಿಗೆಯಲ್ಲಿ ಪಡೆಯತಕ್ಕದ್ದು, ಸಂಸಾರದಿಂದ ಕೆಲಸಕ್ಕೆ ಅಡ್ಡಿಯಾಗುವುದೆಂದು ಸರ್ಕಾರಕ್ಕೆ ತೋರಿದರೆ ರಾಜೀನಾಮೆ ಕೊಡತಕ್ಕದ್ದು ಎಂಬ ನಿಯಮವು ಅಲ್ಲಿದ್ದಿತು. ಪುರುಷ ಅಧಿಕಾರಿಗೆ ಇಂತಹ ನಿಯಮವಿರಲಿಲ್ಲ. ಬಡ್ತಿಯನ್ನು ತಡೆದಾಗ ಆಕೆಯು ಸುಪ್ರೀಂ ಕೋರ್ಟಿನ ಬಾಗಿಲನ್ನು ತಟ್ಟಿದರು. ಅಷ್ಟರಲ್ಲಿ ಸರ್ಕಾರವು ಬಡ್ತಿಯನ್ನು ಕೊಟ್ಟು, ನಿಯಮವನ್ನೂ ತೆಗೆದುಹಾಕುವುದಾಗಿ ತಿಳಿಸಿದುದರಿಂದ ಅರ್ಜಿಯು ಮುಗಿಯಿತು. ಆದರೂ 1979ರ ತೀರ್ಪಿನಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಆ ನಿಯಮವು ಸಮಾನತೆಗೆ ವಿರೋಧವೆಂದು ಖಂಡಿಸಿದರು.

ಬರೆದ ನಿಯಮವನ್ನು ಹೀಗೆ ಅಳಿಸಬಹುದು. ಬರೆಯದುದನ್ನು ಅಳಿಸುವುದು ಹೇಗೆ? ಕರ್ನಾಟಕದ 1983ರ ಕಾನೂನಿನಿಂದ ಪಂಚಾಯಿತಿಗಳಲ್ಲಿ ಸ್ತ್ರೀಯರಿಗೆ ನೂರಕ್ಕೆ 25 ಸ್ಥಾನಗಳು ಮೀಸಲಾದವು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಯು ದೇಶಕ್ಕೆಲ್ಲ ಮೂರರಲ್ಲೊಂದು ಪಾಲನ್ನು ವಿಧಿಸಿತು. ಆದರೆ ಕೆಲವು ಊರುಗಳಲ್ಲಿ ಹೆಂಡತಿಯು ಆರಿಸಿ ಬಂದರೂ ಕುರ್ಚಿಯ ಮೇಲೆ ಗಂಡನು ಕೂರುವುದನ್ನು ನಾವು ಕಂಡಿದ್ದೇವೆ. ಪುಸ್ತಕದ ನಿಯಮ ಬದಲಾಗಿದೆ, ಜಗಲಿಯ ನಿಯಮ ಬದಲಾಗಿಲ್ಲ.

ಹಾಗೆಂದು ನಿರಾಶೆಗೆ ಕಾರಣವಿಲ್ಲ. ಪಶ್ಚಿಮ ಬಂಗಾಳದ ಹಳ್ಳಿಗಳನ್ನು ಪರೀಕ್ಷಿಸಿದ ಪಂಡಿತರು 2012ರಲ್ಲಿ ಒಂದು ಫಲಿತಾಂಶವನ್ನು ಪ್ರಕಟಿಸಿದರು. ಎರಡು ಅವಧಿಗಳಲ್ಲಿ ಸ್ತ್ರೀಯರೇ ಮುಖ್ಯಸ್ಥರಾಗಿದ್ದ ಹಳ್ಳಿಗಳಲ್ಲಿ, ಗಂಡುಮಕ್ಕಳ ಮತ್ತು ಹೆಣ್ಣುಮಕ್ಕಳ ವಿಷಯವಾಗಿ ತಂದೆತಾಯಿಗಳು ಇಟ್ಟುಕೊಂಡಿದ್ದ ಆಸೆಗಳ ಅಂತರವು ತಗ್ಗಿತ್ತು. ಹದಿಹರೆಯದವರ ವಿದ್ಯಾಭ್ಯಾಸದಲ್ಲಿ ಅಂತರವು ಅಳಿದೇ ಹೋಗಿತ್ತು. ಬಾಲಿಕೆಯರು ಮನೆಗೆಲಸಕ್ಕೆ ಕೊಡುವ ಹೊತ್ತೂ ಕಡಿಮೆಯಾಗಿತ್ತು. ತಂದೆತಾಯಿಗಳಿಗೆ ಯಾರೂ ಉಪದೇಶ ಮಾಡಿರಲಿಲ್ಲ. ಹೆಣ್ಣೊಬ್ಬಳು ಅಧಿಕಾರದಲ್ಲಿರುವುದನ್ನು ಅವರು ವರ್ಷಗಟ್ಟಲೆ ಕಣ್ಣಾರೆ ಕಂಡಿದ್ದರು.

ಈಗ ಆ ಬಾಲಿಕೆಗೆ ಉತ್ತರವನ್ನು ಹೇಳಬಲ್ಲೆನು. ಮಗಳೇ, ನಿನ್ನನ್ನು ತಡೆಯುತ್ತಿರುವುದು ಬರೆಯದ ನಿಯಮ. ಅದನ್ನು ನಿನ್ನ ಮನೆಯವರು ಮಾಡಿದವರಲ್ಲ, ಪಾಲಿಸುತ್ತಿರುವವರು; ಆದುದರಿಂದ ಅವರ ಮೇಲೆ ಸಿಟ್ಟಾಗಬೇಡ. ಆದರೆ ಪಾಲಿಸುವವರು ಬಿಟ್ಟರೆ ಅದಕ್ಕೆ ಬೇರೆ ಆಧಾರವಿಲ್ಲ. ಒಂದು ಮನೆಯಲ್ಲಿ ಮುರಿದರೆ ಪಕ್ಕದ ಮನೆಯಲ್ಲಿ ಸಡಿಲವಾಗುವುದು. ಈ ಸಂಚಿಕೆಯು ಪೋಷಕರ ಕೈಗೂ ಹೋಗುವುದೆಂಬುದನ್ನು ಬಲ್ಲೆನು. ಕಾಲೇಜಿನ ಅರ್ಜಿಗಳು ಬಂದೊಡನೆ ನಿನ್ನದೊಂದನ್ನು ನನ್ನ ಮೇಜಿನ ಮೇಲೆ ತೆಗೆದಿರಿಸುವೆನು. ತಂದೆಯವರನ್ನು ಕರೆದುಕೊಂಡು ಬಾ.