ಕಡಿಮೆ ಬಜೆಟ್ಟಿನ ಫೈಟ್ ಪಿಕ್ಚರ್: ಲೆಕ್ಕಕ್ಕೆ ಬಾರದ ಖರ್ಚು

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿ, ಘೋಡಗೇರಿ

ಹೋದ ತಿಂಗಳು ಊಟದ ಬಿಡುವಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ನಾವು ನಾಲ್ವರು ಒಂದೇ ಮೊಬೈಲ್ ನೋಡುತ್ತಿದ್ದೆವು. ಹಳೆಯ ಕರಾಟೆ ಪಿಕ್ಚರ್. ಬಣ್ಣ ಮಾಸಿತ್ತು. ತುಟಿ ಒಂದು ಹೇಳಿದರೆ ಕಿವಿಗೆ ಇನ್ನೊಂದು ಕೇಳುತ್ತಿತ್ತು. ನಮ್ಮ ಸರ್ ಬಂದು ಹಿಂದೆ ನಿಂತಿದ್ದು ಗೊತ್ತೇ ಆಗಲಿಲ್ಲ. ಬೈಯುತ್ತಾರೆ ಎಂದುಕೊಂಡೆ. ಅವರು ಬೈಯಲಿಲ್ಲ, ಕೇಳಿದರು: "ಇದರಾಗ ಏನ್ ಐತೋ ಅಂಥಾದ್ದು? ಹೇಳಾಕ ಬರ್ತೈತೇನ್? ಬರೂದಾದ್ರ ಬರದು ಕೊಡು, ಪತ್ರಿಕೆಗೆ ಹಾಕೂಣು."

ಆಗ ಹೇಳಲು ಬರಲಿಲ್ಲ. ಈಗ ಪ್ರಯತ್ನಿಸುತ್ತೇನೆ.

ಭಾಷೆ ಬೇಡದ ಕಥೆ

ನಮ್ಮ ಮನೆಯಲ್ಲಿ ಮಾತಾಡುವುದು ಉರ್ದು. ಹೊರಗೆ ಕನ್ನಡ. ಸಂತೆಯಲ್ಲಿ ಮರಾಠಿಯೂ ಕಿವಿಗೆ ಬೀಳುತ್ತದೆ. ನಮ್ಮ ದಾದಾಗೆ ಇಂಗ್ಲಿಷ್ ಒಂದಕ್ಷರ ಬಾರದು. ಆದರೂ ಹರೆಯದಲ್ಲಿ ಸೈಕಲ್ ತುಳಿದು ಹೋಗಿ ಬ್ರೂಸ್ ಲೀ ಪಿಕ್ಚರ್ ನೋಡಿ ಬಂದವರು ಅವರು. ಚಿಕ್ಕವನಿದ್ದಾಗ ನನಗೆ ಆ ಕಥೆ ಹೇಳುತ್ತಿದ್ದರು. ಹೇಳುತ್ತಿದ್ದರು ಎನ್ನುವುದಕ್ಕಿಂತ ಆಡಿ ತೋರಿಸುತ್ತಿದ್ದರು. ಕೈಯಲ್ಲಿನ ಕೋಲನ್ನು ಎರಡು ಸಲ ಗಿರ್ರನೆ ತಿರುಗಿಸಿ ಕಂಕುಳಲ್ಲಿ ಸಿಕ್ಕಿಸಿಕೊಂಡು "ಐಸಾ!" ಎನ್ನುತ್ತಿದ್ದರು. ಅಷ್ಟರಲ್ಲೇ ನನಗೆ ಕಥೆಯೆಲ್ಲ ತಿಳಿಯುತ್ತಿತ್ತು. ಒಬ್ಬ ಬಡವನಿದ್ದಾನೆ, ಅವನು ಯಾರ ತಂಟೆಗೂ ಹೋಗುವುದಿಲ್ಲ, ದೊಡ್ಡವರು ಅವನವರನ್ನು ತುಳಿಯುತ್ತಾರೆ, ಕೊನೆಗೆ ಅವನು ಎದ್ದು ನಿಲ್ಲುತ್ತಾನೆ.

ಈ ಪಿಕ್ಚರ್‌ಗಳ ಮೊದಲ ಆಕರ್ಷಣೆ ಇದೇ. ನಗೆ ಚಾಟಿಕೆ ತಿಳಿಯಲು ಭಾಷೆ ಬೇಕು. ಪ್ರೀತಿಯ ಹಾಡಿಗೂ ಭಾಷೆ ಬೇಕು. ಏಟು ಬಿದ್ದಾಗ ನೋಯುತ್ತದೆ ಎಂದು ತಿಳಿಯಲು ಏನೂ ಬೇಡ. ಆ ಕಾಲದ ಹಾಂಗ್‌ಕಾಂಗ್ ಸಿನಿಮಾಗಳನ್ನು ಹೆಚ್ಚಾಗಿ ಧ್ವನಿ ಇಲ್ಲದೆ ಚಿತ್ರೀಕರಿಸಿ, ಆಮೇಲೆ ಮಾತು ಸೇರಿಸುತ್ತಿದ್ದರು. ಅದರಿಂದ ಖರ್ಚೂ ಉಳಿಯಿತು, ಯಾವ ಭಾಷೆಗೆ ಬೇಕಾದರೂ ಡಬ್ ಮಾಡುವುದೂ ಸುಲಭವಾಯಿತು. ನಾವು ಹಿಂದಿನ ಬೆಂಚಿನಲ್ಲಿ ನಗುತ್ತಿದ್ದ ಆ ತುಟಿ-ಮಾತಿನ ಜಗಳಕ್ಕೆ ಕಾರಣ ಇದು.

ದುಡ್ಡಿನ ಜಾಗದಲ್ಲಿ ಏನಿದೆ?

ವಾಣಿಜ್ಯ ವಿದ್ಯಾರ್ಥಿಗಳಾದ ನಾವು ಯಾವುದೇ ಸರಕನ್ನು ನೋಡಿದರೂ ಮೊದಲು ಬಂಡವಾಳ ಎಲ್ಲಿಂದ ಬಂತು ಎಂದು ಕೇಳುತ್ತೇವೆ. 1971ರಲ್ಲಿ ಬಂದ ಬ್ರೂಸ್ ಲೀಯ 'ದಿ ಬಿಗ್ ಬಾಸ್' ಸಿನಿಮಾದ ಖರ್ಚು ಸುಮಾರು 1 ಲಕ್ಷ ಡಾಲರ್. ತೆಗೆದದ್ದು ಗೋಲ್ಡನ್ ಹಾರ್ವೆಸ್ಟ್ ಎಂಬ, 1970ರಲ್ಲಷ್ಟೇ ಹುಟ್ಟಿದ್ದ ಹೊಸ ಕಂಪನಿ. ಚಿತ್ರೀಕರಣ ಥಾಯ್ಲೆಂಡಿನ ಒಂದು ಸಣ್ಣ ಊರಿನಲ್ಲಿ. ದೊಡ್ಡ ಸೆಟ್ ಇಲ್ಲ, ಕಥೆ ನಡೆಯುವುದು ಒಂದು ಐಸ್ ಫ್ಯಾಕ್ಟರಿಯ ಸುತ್ತ. 1973ರ 'ಎಂಟರ್ ದಿ ಡ್ರ್ಯಾಗನ್' ಹೊತ್ತಿಗೆ ಹಾಲಿವುಡ್ ಜೊತೆಗೂಡಿತ್ತು. ಆಗಲೂ ಖರ್ಚು ಸುಮಾರು 8.5 ಲಕ್ಷ ಡಾಲರ್ ಅಷ್ಟೆ. ಆ ಸಿನಿಮಾ ಬಿಡುಗಡೆಯಾಗುವ ಮೊದಲೇ, ಅದೇ ವರ್ಷ ಜುಲೈ 20ರಂದು, ಲೀ ತೀರಿಕೊಂಡ. ಅವನಿಗೆ ಆಗ 32 ವರ್ಷ.

ದುಡ್ಡು ಕಡಿಮೆ ಇದ್ದರೆ ಅದರ ಜಾಗದಲ್ಲಿ ಬೇರೆ ಏನೋ ಇರಲೇಬೇಕು. ಇಲ್ಲಿ ಇರುವುದು ಮನುಷ್ಯನ ಮೈ ಮತ್ತು ಅದನ್ನು ಪಳಗಿಸಲು ಹಿಡಿದ ವರ್ಷಗಳು. ಜಾಕಿ ಚಾನ್ ಏಳನೇ ವಯಸ್ಸಿನ ಸುಮಾರಿಗೆ ಹಾಂಗ್‌ಕಾಂಗಿನ ಒಂದು ಪೀಕಿಂಗ್ ಒಪೆರಾ ಶಾಲೆ ಸೇರಿ ಹತ್ತು ವರ್ಷ ಅಲ್ಲೇ ಇದ್ದ. ಲಾಗ ಹಾಕುವುದು, ಬೀಳುವುದು, ಏಳುವುದು ಎಲ್ಲ ಅಲ್ಲಿ ಕಲಿತದ್ದು. ಸಿನಿಮಾ ಕಂಪನಿ ಆ ಹತ್ತು ವರ್ಷಕ್ಕೆ ಒಂದು ಪೈಸೆ ಹಾಕಿರಲಿಲ್ಲ. ಸಿದ್ಧವಾದ ಬಂಡವಾಳ ತಾನಾಗಿ ಬಾಗಿಲಿಗೆ ಬಂದು ನಿಂತಿತು.

2011ರಲ್ಲಿ ಇಂಡೋನೇಷ್ಯಾದಲ್ಲಿ ತಯಾರಾದ 'ದಿ ರೇಡ್' ಸಿನಿಮಾದ ಲೆಕ್ಕವೂ ಹೀಗೇ. ಖರ್ಚು ಸುಮಾರು 11 ಲಕ್ಷ ಡಾಲರ್. ಇಡೀ ಕಥೆ ಹೆಚ್ಚುಕಡಿಮೆ ಒಂದೇ ಕಟ್ಟಡದೊಳಗೆ ಮುಗಿಯುತ್ತದೆ. ನಾಯಕ ಇಕೋ ಉವೈಸ್ ಚಿಕ್ಕಂದಿನಿಂದ ಸಿಲಾಟ್ ಎಂಬ ಆ ದೇಶದ ಯುದ್ಧಕಲೆ ಕಲಿತವನು.

ವೋಚರ್ ಎಲ್ಲಿದೆ?

ಅಕೌಂಟೆನ್ಸಿಯಲ್ಲಿ ವೋಚರ್ ಇಲ್ಲದೆ ಒಂದು ನಮೂದನ್ನೂ ನಂಬಬಾರದು ಎಂದು ಕಲಿಸುತ್ತಾರೆ. ಫೈಟ್ ಪಿಕ್ಚರ್ ನೋಡುವವನೂ ಅದನ್ನೇ ಕೇಳುತ್ತಾನೆ. ನೀನು ನಿಜವಾಗಿ ಹಾರಿದೆಯಾ? ತೋರಿಸು.

ದೊಡ್ಡ ಬಜೆಟ್ಟಿನ ಸಿನಿಮಾದಲ್ಲಿ ನಾಯಕ ಕೈ ಎತ್ತುತ್ತಾನೆ, ದೃಶ್ಯ ಬದಲಾಗುತ್ತದೆ, ಹತ್ತು ಜನ ಗಾಳಿಯಲ್ಲಿ ತೇಲುತ್ತಾರೆ. ನಡುವೆ ಏನಾಯಿತೆಂದು ಕಾಣುವುದಿಲ್ಲ. ಕಡಿಮೆ ಬಜೆಟ್ಟಿನ ಒಳ್ಳೆಯ ಸಿನಿಮಾದಲ್ಲಿ ಕ್ಯಾಮೆರಾ ಸ್ವಲ್ಪ ದೂರ ನಿಲ್ಲುತ್ತದೆ. ಇಬ್ಬರ ತಲೆಯಿಂದ ಪಾದದವರೆಗೂ ಕಾಣುತ್ತದೆ. ತುಂಡರಿಸದೆ ಉದ್ದಕ್ಕೆ ತೋರಿಸುತ್ತಾರೆ. 2003ರ ಥಾಯ್ ಸಿನಿಮಾ 'ಓಂಗ್ ಬಾಕ್'ನಲ್ಲಿ ಟೋನಿ ಜಾ ತಂತಿ ಕಟ್ಟಿಕೊಳ್ಳದೆ, ಕಂಪ್ಯೂಟರ್ ಸಹಾಯವಿಲ್ಲದೆ ಹಾರುತ್ತಾನೆ. ಒಂದು ಜಿಗಿತವನ್ನು ಒಮ್ಮೆ ತೋರಿಸಿ, ಅದನ್ನೇ ಬೇರೆ ಕೋನದಿಂದ ಮತ್ತೆ ತೋರಿಸುತ್ತಾರೆ. ಒಂದೇ ನಮೂದಿಗೆ ಎರಡು ವೋಚರ್! ಜಾಕಿ ಚಾನ್ ಸಿನಿಮಾಗಳ ಕೊನೆಯಲ್ಲಿ ತಪ್ಪಿದ ಜಿಗಿತಗಳನ್ನು, ಪೆಟ್ಟಾದದ್ದನ್ನು ತೋರಿಸುವುದೂ ಇದೇ ಲೆಕ್ಕ.

ನಮ್ಮ ಭಾಗದವರಿಗೆ ಈ ಪರೀಕ್ಷೆ ಹೊಸದಲ್ಲ. ಜಾತ್ರೆ, ಉರುಸುಗಳಲ್ಲಿ ಕುಸ್ತಿ ನೋಡಿ ಬೆಳೆದವರು ನಾವು. ಜೋಡಿ ಮೊದಲೇ ಮಾತಾಡಿಕೊಂಡು ಆಡುತ್ತಿದೆಯೋ ನಿಜಕ್ಕೂ ಹಿಡಿದಿದೆಯೋ ಎಂದು ಮಣ್ಣಿನ ಪಕ್ಕ ಕೂತ ಮುದುಕರು ಅರೆ ನಿಮಿಷದಲ್ಲಿ ಹೇಳುತ್ತಾರೆ. ಅದೇ ಕಣ್ಣು ಪರದೆಯ ಮುಂದೆಯೂ ಕೆಲಸ ಮಾಡುತ್ತದೆ.

ನಮ್ಮ ಕನ್ನಡದಲ್ಲಿ

ಕನ್ನಡದಲ್ಲಿ ಈ ದಾರಿಯ ಮೊದಲ ಹೆಸರು ಶಂಕರ್ ನಾಗ್. ಅವರ ಮೊದಲ ಸಿನಿಮಾ ಗಿರೀಶ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ', 1978. ಜಪಾನಿನ ಅಕಿರಾ ಕುರೋಸಾವಾ ಅವರ ಸಮುರಾಯ್ ಸಿನಿಮಾಗಳನ್ನು ಮೆಚ್ಚಿ, ಕನ್ನಡ ನಾಡಿನ ಕೂಲಿ ಸೈನಿಕರ ಕಥೆಯಾಗಿ ಕಾರ್ನಾಡರು ಅದನ್ನು ಮಾಡಿದರು. ಅದರ ಪಾತ್ರಕ್ಕೆ ಶಂಕರ್ ನಾಗ್ ಅವರಿಗೆ ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಉತ್ತಮ ನಟ ಪ್ರಶಸ್ತಿ ಬಂತು. ಆಮೇಲೆ ಜನ ಅವರನ್ನು 'ಕರಾಟೆ ಕಿಂಗ್' ಎಂದು ಕರೆದರು. ಅವರು ಕರಾಟೆಯನ್ನು ಗುರುಮುಖೇನ ಕಲಿತವರಲ್ಲ ಎನ್ನುತ್ತಾರೆ. ಆದರೂ ಓಡುವುದು, ಬೀಳುವುದು ಅವರೇ ಎಂದು ನೋಡುವವರಿಗೆ ಅನಿಸುತ್ತಿತ್ತು. ಆಟೋಗಳ ಹಿಂದೆ ಇಂದಿಗೂ ಅವರ ಚಿತ್ರ ಇರುವುದು ಅದಕ್ಕೇ ಇರಬೇಕು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಅವರ ಕಾರು ಅಪಘಾತಕ್ಕೀಡಾದಾಗ ಅವರು ಹೊರಟಿದ್ದು ನಮ್ಮ ಕಡೆಗೇ, ಲೋಕಾಪುರದಲ್ಲಿದ್ದ ಶೂಟಿಂಗಿಗೆ. ದಾದಾ ಇದನ್ನು ಹೇಳುವಾಗಲೆಲ್ಲ "ಹಮಾರೇ ತರಫ್ ಆ ರಹಾ ಥಾ" ಎಂದು ನೆಂಟರ ಬಗ್ಗೆ ಹೇಳುವಂತೆ ಹೇಳುತ್ತಾರೆ.

1996ರ 'ಪೊಲೀಸ್ ಸ್ಟೋರಿ'ಯನ್ನು ನಿರ್ದೇಶಿಸಿದವರು ಸಾಹಸ ನಿರ್ದೇಶಕ ಥ್ರಿಲ್ಲರ್ ಮಂಜು. ಅಲ್ಲಿ ಸಾಯಿಕುಮಾರ್ ಮಾತೇ ಗುದ್ದಿನಂತೆ ಬೀಳುತ್ತದೆ. ಉರ್ದು ಮನೆಯ ಹುಡುಗ ಕನ್ನಡ ಭಾಷಣ ಸ್ಪರ್ಧೆಯಲ್ಲಿ ಉಸಿರು ಬಿಡದೆ ಮಾತಾಡಿದ್ದು ಎಲ್ಲಿ ಕಲಿತದ್ದು ಎಂದು ನಮ್ಮ ಕನ್ನಡ ಮೇಡಂ ಕೇಳಿದ್ದರು. ಇಲ್ಲಿ ಕಲಿತದ್ದು, ಮೇಡಂ. 2007ರ 'ದುನಿಯಾ' ಇನ್ನೊಂದು ಉದಾಹರಣೆ. ಸೂರಿ ಅವರಿಗೆ ಅದು ಮೊದಲ ನಿರ್ದೇಶನ. ಅಲ್ಲಿಯವರೆಗೆ ಸಣ್ಣಪುಟ್ಟ ಪಾತ್ರಗಳಲ್ಲಿ ಏಟು ತಿನ್ನುತ್ತಿದ್ದ ವಿಜಯ್ ಆ ಸಿನಿಮಾದಿಂದ ನಾಯಕರಾದರು. ಏಟು ತಿನ್ನುವವನೂ ಒಂದು ದಿನ ನಡುವೆ ನಿಲ್ಲಬಹುದು ಎಂಬ ಆಸೆಯೂ ಈ ಸಿನಿಮಾಗಳ ಆಕರ್ಷಣೆಯೇ.

ನಾವೂ ಮಾಡಬಹುದು ಎಂಬ ಧೈರ್ಯ

ಉಗಾಂಡಾ ದೇಶದ ಕಂಪಾಲಾದಲ್ಲಿ ವಾಕಲಿಗಾ ಎಂಬ ಬಡವರ ಕೇರಿ ಇದೆ. ಅಲ್ಲಿ ಇಟ್ಟಿಗೆ ಮಾಡುತ್ತಿದ್ದ ಐಸಾಕ್ ನಬ್ವಾನಾ ಎಂಬವರು 2010ರಲ್ಲಿ 'ಹೂ ಕಿಲ್ಡ್ ಕ್ಯಾಪ್ಟನ್ ಅಲೆಕ್ಸ್?' ಎಂಬ ಕುಂಗ್‌ಫು ಸಿನಿಮಾ ಮಾಡಿದರು. ಖರ್ಚು 200 ಡಾಲರಿಗಿಂತ ಕಡಿಮೆ ಎಂದು ಹೇಳುತ್ತಾರೆ. ನಟರು ಕೇರಿಯ ಜನ, ಬಂದೂಕುಗಳು ಗುಜರಿಯಿಂದ ಮಾಡಿದವು. ಈಗ ಜಗತ್ತಿನೆಲ್ಲೆಡೆ ಅದನ್ನು ನೋಡುವವರಿದ್ದಾರೆ. ನನಗೆ ಹಿಡಿಸಿದ ವಿಷಯ ಬೇರೆ. ನಬ್ವಾನಾ ಚಿಕ್ಕವರಿದ್ದಾಗ ಸಿನಿಮಾ ನೋಡಲು ಹೋಗುತ್ತಿರಲಿಲ್ಲ. ಅಣ್ಣಂದಿರು ನೋಡಿ ಬಂದು ಹೇಳಿದ್ದನ್ನು ಕೇಳಿಯೇ ಅವರು ಸಿನಿಮಾ ಕಲ್ಪಿಸಿಕೊಂಡರು. ಅಲ್ಲಿ ಅಣ್ಣಂದಿರು, ಇಲ್ಲಿ ನಮ್ಮ ದಾದಾ.

ಅವರು ಮಾಡಬಹುದಾದರೆ ನಾವೇಕೆ ಮಾಡಬಾರದು? ಇಲ್ಲಿಂದ ಮುಂದೆ ಬರೆಯುವುದು ನನಗೆ ಸುಲಭವಲ್ಲ.

ನಮ್ಮ ಸಿನಿಮಾ

ನಮ್ಮ ಮಾಮುವಿನ ಮಗನನ್ನು ನಾನು ಭಾಯ್ ಎನ್ನುತ್ತೇನೆ. ವಯಸ್ಸು 21. ಗ್ಯಾರೇಜಿನಲ್ಲಿ ಕೆಲಸ. ಕರಾಟೆ ಕಲಿತಿದ್ದಾನೆ. ಬೆಂಗಳೂರಿಗೆ ಹೋಗಿ ಸಿನಿಮಾದಲ್ಲಿ ಫೈಟರ್ ಆಗಬೇಕೆಂಬುದು ಅವನ ಆಸೆ. ತೋರಿಸಲು ಒಂದು ವಿಡಿಯೋ ಬೇಕಿತ್ತು. ಹೋದ ಡಿಸೆಂಬರಿನಲ್ಲಿ, ಕಬ್ಬಿನ ಸೀಸನ್ ನಡೆದಿದ್ದಾಗ, ಹೊಲದ ಬದಿಗೆ ನಿಂತ ಖಾಲಿ ಟ್ರೇಲರ್ ಮೇಲಿಂದ ಕಬ್ಬಿನ ರವದಿಯ ಗುಡ್ಡೆಗೆ ಲಾಗ ಹೊಡೆಯುವುದೆಂದು ಗೊತ್ತುಮಾಡಿದೆವು. ಮೊಬೈಲ್ ನನ್ನ ಕೈಯಲ್ಲಿತ್ತು. ಬಜೆಟ್ ಸೊನ್ನೆ.

ಮೊದಲ ಜಿಗಿತ ಅಂದವಾಗಿ ಬಂತು. ಆದರೆ ನನ್ನ ಬೆರಳು ಲೆನ್ಸಿಗೆ ಅಡ್ಡ ಬಂದಿತ್ತು. ನಾನೇ ಅಂದೆ: "ಭಾಯ್, ಔರ್ ಏಕ್ ಬಾರ್." ಗುಡ್ಡೆ ಆಗಲೇ ಚಪ್ಪಟೆಯಾಗಿತ್ತು. ಅದನ್ನು ಇಬ್ಬರೂ ನೋಡಲಿಲ್ಲ. ಎರಡನೇ ಸಲ ಅವನ ಬಲ ಮಣಿಕಟ್ಟು ಮುರಿಯಿತು.

ಆ ರಾತ್ರಿ ನಿದ್ದೆ ಬರಲಿಲ್ಲ. ಕೆಲವು ವಾರದ ನಂತರ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಲೆಕ್ಕ ಬರೆದೆ. ಎಕ್ಸ್‌ರೇ, ಪ್ಲಾಸ್ಟರ್, ಔಷಧಿ 3,800 ರೂಪಾಯಿ. ಓಡಾಟ 400. ಕೆಲಸ ತಪ್ಪಿದ 36 ದಿನಕ್ಕೆ, ದಿನಕ್ಕೆ 500ರಂತೆ 18,000. ಒಟ್ಟು 22,200. ನಮ್ಮ ವಿಡಿಯೋ ಇದ್ದದ್ದು 11 ಸೆಕೆಂಡು. ಸೊನ್ನೆ ಬಜೆಟ್ಟಿನ ಸಿನಿಮಾಕ್ಕೆ ಸೆಕೆಂಡಿಗೆ ಎರಡು ಸಾವಿರಕ್ಕೂ ಹೆಚ್ಚು ಖರ್ಚಾಗಿತ್ತು. ಕೊಟ್ಟವನು ಮಾತ್ರ ನಿರ್ಮಾಪಕನಲ್ಲ.

ಆಗ ನನಗೆ ಅರ್ಥವಾಯಿತು. ಕಡಿಮೆ ಬಜೆಟ್ ಎಂದರೆ ಖರ್ಚು ಕಡಿಮೆ ಎಂದಲ್ಲ. ಒಂದು ಪಾಲು ಖರ್ಚನ್ನು ಪುಸ್ತಕದಲ್ಲಿ ಬರೆದಿಲ್ಲ ಎಂದು. ಅದನ್ನು ಬರೆದಿರುವುದು ಯಾರದೋ ಮೂಳೆಯ ಮೇಲೆ.

ದೊಡ್ಡ ಸಿನಿಮಾಗಳಲ್ಲೂ ಇದೇ ನಡೆದಿದೆ. 2016ರ ನವೆಂಬರ್ 7ರಂದು ಬೆಂಗಳೂರಿನ ಹೊರಗಿನ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ 'ಮಾಸ್ತಿಗುಡಿ' ಚಿತ್ರೀಕರಣದ ವೇಳೆ ಹೆಲಿಕಾಪ್ಟರಿನಿಂದ ಜಿಗಿದ ಅನಿಲ್ ಮತ್ತು ಉದಯ್ ಮುಳುಗಿ ಸತ್ತರು. ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ನಾನಾಗ ಚಿಕ್ಕವನು, ಟಿವಿಯಲ್ಲಿ ಆ ಜಿಗಿತವನ್ನು ಮತ್ತೆ ಮತ್ತೆ ತೋರಿಸಿದ್ದು ನೆನಪಿದೆ. 2021ರ ಆಗಸ್ಟಿನಲ್ಲಿ ಬಿಡದಿ ಹತ್ತಿರ 'ಲವ್ ಯು ರಚ್ಚು' ಸಿನಿಮಾದ ಸಾಹಸ ದೃಶ್ಯದ ವೇಳೆ ವಿದ್ಯುತ್ ತಗುಲಿ ಒಬ್ಬ ಯುವ ಫೈಟರ್ ತೀರಿಕೊಂಡ.

2024ರಲ್ಲಿ ನಮ್ಮ ರಾಜ್ಯದ ವಿಧಾನಮಂಡಲ ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕಲ್ಯಾಣಕ್ಕೆ ಒಂದು ಮಸೂದೆ ಒಪ್ಪಿತು. ಸಿನಿಮಾ ಟಿಕೆಟ್ಟಿನ ಮೇಲೆ ಶೇ 1ರಿಂದ 2ರಷ್ಟು ಸೆಸ್ ಹಾಕಿ ಒಂದು ನಿಧಿ ಮಾಡುವುದು ಅದರ ಉದ್ದೇಶ. 150 ರೂಪಾಯಿ ಟಿಕೆಟ್ಟಿಗೆ ಹೆಚ್ಚೆಂದರೆ 3 ರೂಪಾಯಿ. ಬಿದ್ದವನ ಖರ್ಚನ್ನು ಪುಸ್ತಕಕ್ಕೆ ತರುವ ಒಂದು ಹೆಜ್ಜೆ ಅದು. ನೋಡಿ ಸೀಟಿ ಹೊಡೆಯುವವರು ಅಷ್ಟು ಕೊಡಬಹುದು ಎಂದು ನನಗನಿಸುತ್ತದೆ.

ಈಗಲೂ ನೋಡುತ್ತೇನೆ

ಈ ಪಿಕ್ಚರ್‌ಗಳನ್ನು ನಾನು ಬಿಟ್ಟಿಲ್ಲ. ಅಬ್ಬಾ "ಇದರಿಂದ ಮಾರ್ಕ್ಸ್ ಬರ್ತಾವೇನು?" ಎಂದು ಕೇಳುವುದನ್ನೂ ಬಿಟ್ಟಿಲ್ಲ. ಆದರೆ ಈಗ ಗೆಲ್ಲುವವನ ಜೊತೆಗೆ ಬೀಳುವವನನ್ನೂ ನೋಡುತ್ತೇನೆ. ನಾಯಕನ ಒದೆ ಚೆನ್ನಾಗಿ ಕಂಡರೆ ಅದರಲ್ಲಿ ಅರ್ಧ ಕೆಲಸ, ಒದೆಸಿಕೊಂಡು ಮೇಜಿನ ಮೇಲೆ ಬಿದ್ದವನದು. ಕೊನೆಯಲ್ಲಿ ಹೆಸರುಗಳು ಓಡುವಾಗ ಅವನ ಹೆಸರು ಹುಡುಕುತ್ತೇನೆ. ಎಷ್ಟೋ ಸಲ ಸಿಗುವುದಿಲ್ಲ.

ಗೆಳೆಯರೇ, ಗೋಕಾಕ ಫಾಲ್ಸಿನ ಬಂಡೆಯ ಮೇಲೆ, ಕಾಲುವೆಯ ಕಟ್ಟೆಯ ಮೇಲೆ ರೀಲ್ಸ್ ಮಾಡುವವರು ನಮ್ಮ ಕಾಲೇಜಿನಲ್ಲೂ ಇದ್ದೀರಿ. ಹಾರುವವನಿಗೆ ಉತ್ಸಾಹದಲ್ಲಿ ಕೆಳಗೆ ಏನಿದೆ ಎಂದು ಕಾಣುವುದಿಲ್ಲ. ಮೊಬೈಲ್ ಹಿಡಿದವನಿಗೆ ಕಾಣುತ್ತದೆ. "ಇನ್ನೊಂದ್ ಸಲ" ಎನ್ನುವ ಮೊದಲು ಅವನು ಹೋಗಿ ನೋಡಿ ಬರಲಿ.

ಭಾಯ್ ಕೈ ಕೂಡಿದೆ, ಸ್ಪ್ಯಾನರ್ ಹಿಡಿಯುತ್ತಾನೆ. ಬಿಗಿಯಾದ ನಟ್ ತಿರುಗಿಸುವಾಗ ಮಾತ್ರ ಎಡಗೈಗೆ ಬದಲಾಯಿಸುತ್ತಾನೆ. ಬೆಂಗಳೂರಿನ ಆಸೆ ಇನ್ನೂ ಇದೆ. ಮೊನ್ನೆ ಕೇಳಿದ, ಆ ಮೊದಲನೇ ಜಿಗಿತದ ವಿಡಿಯೋ ಇನ್ನೂ ಇದೆಯಾ ಎಂದು. ಇದೆ. ಬೆರಳು ಅಡ್ಡ ಬಂದಿರುವುದು ಒಂದು ಮೂಲೆಗೆ ಮಾತ್ರ. ಉಳಿದದ್ದೆಲ್ಲ ಸ್ಪಷ್ಟವಾಗಿ ಕಾಣುತ್ತದೆ.