ಮಂಚದ ಕೆಳಗಿನ ರೈಲ್ವೆ

ಆಟದ ರೈಲನ್ನು ಅಂಗಡಿಯಿಂದ ಕೊಂಡು ತರುವುದು ಅರ್ಧ ತಾಸಿನ ಕೆಲಸ. ಅದು ಓಡುವುದಕ್ಕೊಂದು ಹಾದಿ, ನಿಲ್ಲುವುದಕ್ಕೊಂದು ಸ್ಟೇಷನ್ನು, ಹಾಯುವುದಕ್ಕೊಂದು ಗುಡ್ಡ, ಇವನ್ನೆಲ್ಲ ಒದಗಿಸುವುದಕ್ಕೆ ಮಾತ್ರ ನಮ್ಮ ಮನೆಯಲ್ಲಿ ಎಂಟು ತಿಂಗಳು ಹಿಡಿಯಿತು. ಡೊಂಬಿವಲಿಯಲ್ಲಿ ನಮ್ಮದು ಎರಡು ಕೋಣೆಗಳ ಸಂಸಾರ, ಜನ ಐದು. ಇಂಥ ಮನೆಯಲ್ಲಿ ರೈಲ್ವೆಗೆ ಜಾಗವೆಲ್ಲಿ ಎಂದು ವಾಚಕರು ಕೇಳಿದರೆ ತಪ್ಪಲ್ಲ. ನಾವೂ ಹಾಗೆಯೇ ಕೇಳಿದ್ದೆವು.

ನಮ್ಮ ತಂದೆಯವರು ಹುಬ್ಬಳ್ಳಿ–ಲೋಂಡಾ ಹಾದಿಯಲ್ಲಿ ಮೀಟರ್ ಗೇಜಿನ ಕಾಲದ ಸ್ಟೇಷನ್ ಮಾಸ್ತರರು. 1990ರ ದಶಕದಲ್ಲಿ ಆ ಹಾದಿ ಬ್ರಾಡ್ ಗೇಜಾದುದನ್ನು ಕಣ್ಣಾರೆ ಕಂಡು ನಿವೃತ್ತರಾದವರು. ತಾಯಿ ತೀರಿಕೊಂಡ ಮೇಲೆ ಊರಿನ ಮನೆಗೆ ಬೀಗ ಹಾಕಿ ಅವರನ್ನು ಇಲ್ಲಿಗೆ ಕರೆತಂದೆವು. ಬಂದವರು ಕಿಟಕಿಯ ಬಳಿ ಕುಳಿತು ಲೋಕಲ್ ಗಾಡಿಗಳ ಸದ್ದು ಕೇಳುತ್ತಿದ್ದರೇ ಹೊರತು ಮಾತು ಬಹಳ ಕಡಿಮೆ. ಹನ್ನೊಂದು ವರುಷದ ಮಗನಿಗೋ ಶಾಲೆಯಲ್ಲಿ ಇಂಗ್ಲಿಷು, ಓಣಿಯಲ್ಲಿ ಮರಾಠಿ. ಅಜ್ಜನ ಧಾರವಾಡದ ಕನ್ನಡಕ್ಕೆ ಅವನ ಉತ್ತರ ‘ಹೂಂ’, ‘ಉಹೂಂ’ಗಳಲ್ಲಿ ಮುಗಿದುಹೋಗುತ್ತಿತ್ತು. ಹುಟ್ಟುಹಬ್ಬಕ್ಕೆಂದು ಸೋದರಮಾವ ತಂದ ರೈಲಿನ ಪೆಟ್ಟಿಗೆಯನ್ನು ಬಿಚ್ಚಿದ ದಿನ ಅಜ್ಜ ಕಿಟಕಿ ಬಿಟ್ಟು ಎದ್ದು ಬಂದರು.

ಅಳತೆಯ ಪೇಚು

ಬಂದವರೇ ಹಳಿಗೆ ಅಡಿಕೋಲು ಹಿಡಿದರು. ಎರಡು ಹಳಿಗಳ ನಡುವೆ ಹದಿನಾರೂವರೆ ಮಿಲಿಮೀಟರು. “ಇದು ಯಾವ ಗೇಜೋ?” ಎಂದರು. ಪೆಟ್ಟಿಗೆಯ ಮೇಲೆ ‘ಎಚ್.ಓ.’ ಎಂದಿತ್ತು. ‘ಓ’ ಎಂಬ ಹಳೆಯ ದೊಡ್ಡ ಅಳತೆಯ ಅರ್ಧವೆಂದು ಇದಕ್ಕೆ ಆ ಹೆಸರು. ನಿಜವಾದ ಗಾಡಿಯ 87 ಅಡಿ ಇಲ್ಲಿ ಒಂದು ಅಡಿ. ಈ ಲೆಕ್ಕದಲ್ಲಿ ನಮ್ಮ ಬ್ರಾಡ್ ಗೇಜಿನ 1676 ಮಿಲಿಮೀಟರು 19 ಮಿಲಿಮೀಟರಿಗಿಂತ ತುಸು ಹೆಚ್ಚಾಗಬೇಕು. ಮೀಟರ್ ಗೇಜು ಹನ್ನೊಂದೂವರೆಯಾಗಬೇಕು. ಪೆಟ್ಟಿಗೆಯಲ್ಲಿದ್ದುದು ಎರಡೂ ಅಲ್ಲ! ಅದು ಅಮೆರಿಕ, ಇಂಗ್ಲೆಂಡುಗಳಲ್ಲಿ ನಡೆಯುವ 1435 ಮಿಲಿಮೀಟರಿನ ಗೇಜು. ಅಜ್ಜ ಒಂದು ದಿನ ಬೇಸರಪಟ್ಟು, ಮರುದಿನ ಕ್ಷಮಿಸಿದರು.

ಮುಂದೆ ಏನನ್ನು ಕಟ್ಟಬೇಕೆಂಬ ಚರ್ಚೆ ನಡೆಯಿತು. ಮಗನಿಗೆ ಹುಬ್ಬಳ್ಳಿಯೇ ಬೇಕು; ಅಲ್ಲಿಯದು ಜಗತ್ತಿನಲ್ಲೇ ಅತಿ ಉದ್ದದ ಪ್ಲಾಟ್‌ಫಾರಮ್ಮೆಂದು ಓದಿದ್ದ. 2023ರಲ್ಲಿ ಉದ್ಘಾಟನೆಯಾದ ಆ ಪ್ಲಾಟ್‌ಫಾರಮ್ಮಿನ ಉದ್ದ 1507 ಮೀಟರು. ಎಂಬತ್ತೇಳರಿಂದ ಭಾಗಿಸಿ ನೋಡಿದರೆ ಹದಿನೇಳು ಮೀಟರಿಗೂ ಹೆಚ್ಚು! ನಮ್ಮ ಅಡಿಗೆಮನೆಯಿಂದ ಹೊರಟರೆ ನೆರೆಯವರ ಮನೆಯನ್ನೂ ದಾಟಿ ಮೆಟ್ಟಿಲಿಳಿಯಬೇಕು.

ಹಾಗಾದರೆ ದೂಧಸಾಗರದ ಘಟ್ಟವಾದರೂ ಇರಲಿ ಎಂದೆವು ನಾವು. ಕ್ಯಾಸಲ್ ರಾಕಿನಿಂದ ಕುಳೆಮಿಗೆ ಇಳಿಯುವ ಆ ಘಟ್ಟದಲ್ಲಿ 37 ಅಡಿ ಸಾಗಿದರೆ ಒಂದಡಿ ಏರು. ಮನೆಯ ರೈಲಿನಲ್ಲಿ ಒಂದು ಹಾದಿಯ ಮೇಲೆ ಇನ್ನೊಂದು ಹಾದಿ ಹಾಯಬೇಕಾದರೆ ಸುಮಾರು ಏಳೂವರೆ ಸೆಂಟಿಮೀಟರು ಎತ್ತರ ಬೇಕು. ಅಷ್ಟು ಏರುವುದಕ್ಕೆ ಎರಡೂಮುಕ್ಕಾಲು ಮೀಟರು ಹಳಿ, ಇಳಿಯುವುದಕ್ಕೆ ಮತ್ತೆ ಅಷ್ಟೇ. ನಮ್ಮ ಎಂಟಡಿ–ನಾಲ್ಕಡಿ ಹಲಗೆಯಲ್ಲಿ ಒಂದು ಸುತ್ತು ಹಳಿಯೇ ಸುಮಾರು ಐದೂವರೆ ಮೀಟರು. ಘಟ್ಟ ತಂದರೆ ಸ್ಟೇಷನ್ನಿಗೆ ಸಮತಟ್ಟು ಜಾಗವೇ ಉಳಿಯದು.

ಕಾಗದದ ಮೇಲಿನ ಗೀಟುಗಳನ್ನೆಲ್ಲ ನೋಡಿ ಅಜ್ಜ ತೀರ್ಪು ಕೊಟ್ಟರು: “ಎಲ್ಲಾ ತರಾಕ ಹೋದ್ರ ಏನೂ ಬರೂದಿಲ್ಲ. ಒಂದ ಸಣ್ಣ ಸ್ಟೇಷನ್ ತರೂಣು. ಆದ್ರ ಅದು ಖರೇ ಇರಬೇಕು.”

ಹಾಗೆ ಹುಬ್ಬಳ್ಳಿ ಹೋಯಿತು, ಘಟ್ಟ ಹೋಯಿತು. ಉಳಿದುದು ಒಂಟಿ ಹಾದಿಯ ಒಂದು ಸುತ್ತು, ಎರಡು ಗಾಡಿಗಳು ಒಂದನ್ನೊಂದು ಹಾಯಲು ಸ್ಟೇಷನ್ನಿನಲ್ಲೊಂದು ಜೋಡಿಹಾದಿ, ಮಾಲುಗಾಡಿಗೊಂದು ಮೋಟುಹಾದಿ ಮತ್ತು ಅಡವಿಯ ಒಂದು ಗುಡ್ಡ.

ಹಲಗೆ, ತಂತಿ, ಗುಡ್ಡ

ಇಂಥದನ್ನು ಕಟ್ಟಬಯಸುವವರಿಗೆ ನಮ್ಮ ಅನುಭವದ ನಾಲ್ಕು ಮಾತು ಉಪಯೋಗವಾದೀತು. ಪ್ಲೈವುಡ್ಡನ್ನು ಎರಡು ತುಂಡು ಮಾಡಿಸಿ, ಕೆಳಗೆ ಮರದ ಚೌಕಟ್ಟು ಕೊಟ್ಟು, ಎರಡೂ ಮಗ್ಗುಲಿಗೆ ಬಣ್ಣ ಬಳಿಯಬೇಕು. ಇಲ್ಲದಿದ್ದರೆ ಮುಂಬಯಿಯ ಮಳೆಗಾಲಕ್ಕೆ ಹಲಗೆ ಹಪ್ಪಳದಂತೆ ಸೊಟ್ಟಗಾಗುತ್ತದೆ. ಆಟ ಮುಗಿದ ಮೇಲೆ ಒಂದು ತುಂಡು ಮಂಚದ ಕೆಳಗೆ. ಗುಡ್ಡವಿರುವ ತುಂಡು ಕಪಾಟಿನ ಪಕ್ಕದಲ್ಲಿ. ತುಂಡುಗಳು ಕೂಡುವಲ್ಲಿ ಹಳಿಯ ತುದಿ ಕೂದಲೆಳೆಯಷ್ಟು ಸರಿದರೂ ಗಾಡಿ ಉರುಳುವುದರಿಂದ ಅಲ್ಲಿ ಹಿತ್ತಾಳೆಯ ತಿರುಪುಮೊಳೆ ಹೂಡಿ ಹಳಿಯನ್ನು ಅದಕ್ಕೆ ಬೆಸೆದೆವು. ಹಳಿಯ ಕೆಳಗೆ ಕಾರ್ಕಿನ ಹಾಳೆ ಹಾಸಿದರೆ ಸದ್ದು ತಗ್ಗುತ್ತದೆ. ಕೆಳಗಿನ ಮನೆಯವರ ಸ್ನೇಹವೂ ಉಳಿಯುತ್ತದೆ.

ಎಂಜಿನು ಓಡುವುದು 12 ವೋಲ್ಟಿನಲ್ಲಿ. ಒಂದು ಹಳಿಯಿಂದ ಬಂದ ವಿದ್ಯುತ್ತು ಗಾಲಿ, ಮೋಟರುಗಳ ಮೂಲಕ ಇನ್ನೊಂದು ಹಳಿಗೆ ಹೋಗುತ್ತದೆ. ಆದ್ದರಿಂದ ಹಳಿ ಕೊಳೆಯಾದರೆ ಗಾಡಿ ತಡವರಿಸುತ್ತದೆ, ವಾರಕ್ಕೊಮ್ಮೆ ಒರೆಸಬೇಕು. ಎರಡು ಗಾಡಿಗಳಿದ್ದಲ್ಲಿ ಒಂದನ್ನು ನಿಲ್ಲಿಸಿ ಇನ್ನೊಂದನ್ನು ಓಡಿಸುವುದಕ್ಕೆ ಅಲ್ಲಲ್ಲಿ ಹಳಿಯನ್ನು ಕತ್ತರಿಸಿ, ಒಂದೊಂದು ತುಂಡಿಗೂ ಬೇರೆ ಬೇರೆ ಗುಂಡಿ ಇಡಬೇಕು.

ಗುಡ್ಡದ ಕತೆ ಹೇಳಿಕೊಳ್ಳಲು ನಾಚಿಕೆ. ರಟ್ಟಿನ ಪಟ್ಟಿ ಹೆಣೆದು, ಹಳೆಯ ಪತ್ರಿಕೆಗಳನ್ನು ಮೈದಾದ ಅಂಟಿನಲ್ಲಿ ಅದ್ದಿ ಹೊದಿಸಿ, ಹಸಿರು ಬಳಿದು ಹೆಮ್ಮೆಪಟ್ಟೆವು. ತಿಂಗಳೊಳಗೆ ಜಿರಲೆಗಳು ಪಶ್ಚಿಮದ ಇಳಿಜಾರನ್ನು ಪೂರ್ತಿ ತಿಂದು ಮುಗಿಸಿದುವು. ಎರಡನೆಯ ಗುಡ್ಡಕ್ಕೆ ಬಡಗಿಗಳ ಬಿಳಿಯ ಅಂಟೇ ಗತಿಯಾಯಿತು. ಹಳಿಯ ಜಲ್ಲಿಗೂ ಅದೇ ಅಂಟು: ನೀರು ಬೆರೆಸಿ, ಪಾತ್ರೆ ತೊಳೆಯುವ ಸೋಪಿನ ಎರಡು ಹನಿ ಹಾಕಿದರೆ ಕಲ್ಲಿನ ಸಂದಿಗಳಲ್ಲೆಲ್ಲ ಇಳಿಯುತ್ತದೆ. ಸ್ಟೇಷನ್ನಿನ ಹೆಂಚು ಏಣುರಟ್ಟಿನದು. ಸಿಗ್ನಲ್ ಕಂಬ ಪೊರಕೆಕಡ್ಡಿಯದು. ಹಳದಿಯ ಫಲಕದ ಮೇಲೆ ಊರಿನ ಹೆಸರನ್ನು ಕನ್ನಡದಲ್ಲಿ ಬರೆದವನು ಮಗ; ಮೂರು ಸಲ ಅಳಿಸಿ ಬರೆದ.

ಬಳೆ ಮತ್ತು ಗೋಲಿ

ಕಟ್ಟಡ ಮುಗಿದ ಮೇಲೆ ಅಜ್ಜ ಕಾಯಿದೆಯನ್ನು ತಂದರು. ಒಂಟಿ ಹಾದಿಯಲ್ಲಿ ಎರಡು ಗಾಡಿಗಳು ಎದುರಾಗದಂತೆ ಕಾಯುತ್ತಿದ್ದುದು ನೀಲ್ಸ್ ಟೋಕನ್ ಎಂಬ ಯಂತ್ರ. ಅಕ್ಕಪಕ್ಕದ ಎರಡು ಸ್ಟೇಷನ್ನುಗಳ ಯಂತ್ರಗಳು ತಂತಿಯಿಂದ ಕೂಡಿಕೊಂಡಿರುತ್ತವೆ. ಮುಂದಿನ ಸ್ಟೇಷನ್ನಿನವರು ಒಪ್ಪಿಗೆ ಕೊಡದೆ ಇಲ್ಲಿ ಲೋಹದ ಚೆಂಡು ಹೊರಬೀಳದು. ಒಂದು ಚೆಂಡು ಹೊರಗಿರುವ ತನಕ ಎರಡನೆಯದು ಯಾವ ಕಡೆಯಿಂದಲೂ ಬಾರದು. ಆ ಚೆಂಡನ್ನು ಬೆತ್ತದ ಬಳೆಗೆ ಹೊಲಿದ ಚೀಲದಲ್ಲಿಟ್ಟು ಡ್ರೈವರನ ಕೈಗೆ ಕೊಟ್ಟ ಮೇಲೆಯೇ ಗಾಡಿ ಹೊರಡಬೇಕು.

ನಮ್ಮಲ್ಲಿ ಬೆತ್ತವೆಲ್ಲಿ? ಮನೆಯವರ ಹಳೆಯ ಪ್ಲಾಸ್ಟಿಕ್ ಬಳೆಗೆ ಚಿಕ್ಕ ಚೀಲ ಹೊಲಿದು ಒಂದು ಗೋಲಿ ಹಾಕಿದೆವು. ಮಗ ಈಚೆಯ ಸ್ಟೇಷನ್ನಿನಲ್ಲಿ, ಎಂಟು ವರುಷದ ಮಗಳು ಗುಡ್ಡದಾಚೆಯ ಸ್ಟೇಷನ್ನಿನಲ್ಲಿ.

ಒಂದು ಭಾನುವಾರ ಗೋಲಿ ಮಗಳ ಕೈಯಲ್ಲಿದ್ದಾಗಲೇ ಮಗ ಆತುರದಿಂದ ಗಾಡಿ ಬಿಟ್ಟ. ಗುಡ್ಡದ ಬಾಯಲ್ಲಿ ನಿಂತಿದ್ದ ತಂಗಿಯ ಗಾಡಿಯ ಬಾಲಕ್ಕೆ ಅದು ಬಡಿದು ಎರಡು ಡಬ್ಬಿಗಳು ಉರುಳಿದುವು. ಮುರಿದುದೇನೂ ಇಲ್ಲ. ಮಕ್ಕಳು ನಕ್ಕರು, ನಾವೂ ನಕ್ಕೆವು. ಅಜ್ಜ ನಗಲಿಲ್ಲ.

“ಗೋಲಿ ಎಲ್ಲೈತಿ?” ಎಂದರು. ಮಗಳು ಕೈ ತೋರಿಸಿದಳು. “ಮತ್ತ ಗಾಡಿ ಹ್ಯಾಂಗ ಬಿಟ್ಟಿ ತಮ್ಮಾ? ಆ ಡಬ್ಬ್ಯಾಗ ಮಂದಿ ಇದ್ರು.”

ಮನೆ ಸ್ತಬ್ಧವಾಯಿತು. ಸ್ವಲ್ಪ ಹೊತ್ತಾದ ಮೇಲೆ ಅವರೇ ಮಾತು ತೆಗೆದರು. ಆಷಾಢದ ಒಂದು ರಾತ್ರಿ, ಸುರಿಯುವ ಮಳೆ, ಯಂತ್ರ ಕೆಟ್ಟು ಚೆಂಡು ಬರಲಿಲ್ಲ. ಗಾಡಿ ತುಂಬ ಜನ, ಡ್ರೈವರ್ ರೇಗುತ್ತಿದ್ದಾನೆ. ಹಾದಿ ಖಾಲಿಯೆಂದು ಮುಂದಿನ ಸ್ಟೇಷನ್ನಿನಿಂದ ಖಚಿತವಾಗಿ ತಿಳಿದು, ಕಾಯಿದೆಯಂತೆ ಚೀಟಿ ಬರೆದುಕೊಡುವ ತನಕ ತಾವು ಗಾಡಿ ಬಿಡಲಿಲ್ಲ ಎಂದರು. ಈ ಸಂಗತಿಯನ್ನು ನಮಗೂ ಅವರು ಎಂದೂ ಹೇಳಿರಲಿಲ್ಲ.

ಮಗ ಮೊಣಕಾಲೂರಿ ಕೇಳುತ್ತಿದ್ದ. “ಅಜ್ಜಾ, ಮತ್ತ ಆ ಡ್ರೈವರ್ ಏನಂದಾ?” ಎಂದ. ಅಜ್ಜನ ಕನ್ನಡದಲ್ಲಿಯೇ, ಅಜ್ಜನ ರಾಗದಲ್ಲಿಯೇ ಕೇಳಿದ ಪ್ರಶ್ನೆ. ಆ ರಾತ್ರಿ ಊಟ ಹತ್ತು ಗಂಟೆಗೆ ಆಯಿತು.

ನೆಲದ ಮೇಲಿನ ಇಂಥ ಲೋಕ ಎಷ್ಟು ದೊಡ್ಡದಾಗಬಹುದೆಂದು ನೋಡಬಯಸುವವರು ಪುಣೆಯ ಕೋಥರೂಡದಲ್ಲಿ 1998ರಲ್ಲಿ ತೆರೆದ ಜೋಶಿಯವರ ಕಿರುರೈಲ್ವೆ ವಸ್ತುಸಂಗ್ರಹಾಲಯಕ್ಕೆ ಮಕ್ಕಳೊಡನೆ ಹೋಗಿಬರಬಹುದು. ನಮ್ಮದು ಅದರ ಮುಂದೆ ಏನೇನೂ ಅಲ್ಲ: ಒಂದು ಸ್ಟೇಷನ್ನು, ಎರಡು ಗಾಡಿ, ಜಿರಲೆ ಮುಟ್ಟದ ಒಂದು ಗುಡ್ಡ. ಆದರೂ ಈಗ ಗೋಲಿ ಕೈಗೆ ಬಾರದೆ ಇಲ್ಲಿ ಗಾಡಿ ಹೊರಡುವುದಿಲ್ಲ. ಮನೆಯವರ ಬಳೆ ಮಾತ್ರ ಇನ್ನೂ ಮರಳಿಲ್ಲ, ಅವರೂ ಕೇಳಿಲ್ಲ.